ಒಂಟಿಕಾಲಿನ ಏಳು ನಿಮಿಷ

ತಂಗಿಯ ಮಗಳು ಮುಂಬೈಯ ರಾಯಲ್ ಅಪೆರಾ ಹೌಸಿನಲ್ಲಿ ನರ್ತಿಸುತ್ತಾಳೆಂಬ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, ಯಕ್ಷಗಾನಕ್ಕೆ ಕೇಳುವ ಹಾಗೆ, ಪ್ರಸಂಗ ಯಾವುದು ಎಂಬುದು. ಪ್ರಸಂಗವೆಂಬುದೇ ಇಲ್ಲ, ಹತ್ತು ಹತ್ತು ನಿಮಿಷದ ಆರು ಸಮಕಾಲೀನ ನೃತ್ಯಗಳಿರುತ್ತವೆ ಎಂದು ನಾನು ವಿವರಿಸಿದಾಗ, ಆಟಕ್ಕೆ ಹೋದರೆ ಬೆಳಗಿನ ಜಾವದ ಮಂಗಳ ಕೇಳಿಯೇ ಏಳುವ ದೊಡ್ಡಪ್ಪನವರು, "ಹತ್ತು ನಿಮಿಷದಲ್ಲಿ ನಮ್ಮ ಬಣ್ಣದ ವೇಷ ಚೌಕಿ ಬಿಟ್ಟು ಹೊರಟಿರುವುದಿಲ್ಲ" ಎಂದು ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆದರೆ ಅಪೆರಾ ಹೌಸಿನ ಹೆಸರಿಗೆ ಅವರ ಮುಖ ಅರಳಿತು. ಹರೆಯದಲ್ಲಿ ಮುಂಬೈಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದಾಗ, ಆ ಮಂದಿರ ಸಿನಿಮಾ ಟಾಕೀಸಾಗಿದ್ದ ಕಾಲದಲ್ಲಿ, ಅವರು ಅಲ್ಲಿ ಹಿಂದಿ ಚಿತ್ರಗಳನ್ನು ನೋಡಿದ್ದರಂತೆ. 1911ರಲ್ಲಿ ಐದನೆಯ ಜಾರ್ಜ್ ದೊರೆ ಅದನ್ನು ಉದ್ಘಾಟಿಸಿದಾಗ ಕಟ್ಟಡದ ಕೆಲಸವೇ ಮುಗಿದಿರಲಿಲ್ಲವೆಂದೂ, 1993ರಲ್ಲಿ ಮುಚ್ಚಿದ ಬಾಗಿಲನ್ನು ಮತ್ತೆ ತೆರೆದದ್ದು 2016ರಲ್ಲಿ ಎಂದೂ ನಾನು ಹೇಳಿದ ಮೇಲಂತೂ, ನಮ್ಮೂರಿನ ಸಮುದಾಯ ಭವನದ ಮೇಲೆ ಅವರಿಗಿದ್ದ ಸಿಟ್ಟು ಸಾಕಷ್ಟು ಇಳಿಯಿತು.

ಕಾರ್ಯಕ್ರಮದ ನೇರಪ್ರಸಾರವಿತ್ತು. ತೀರ್ಥಹಳ್ಳಿಯ ಕಡೆ ಆರಿದ್ರಾ ಮಳೆ ಹೊಯ್ಯುವಾಗ ನೇರಪ್ರಸಾರವೆಂಬ ಮಾತಿಗೆ ಎಷ್ಟು ಬೆಲೆಯೆಂಬುದು ಗೊತ್ತಿದ್ದೂ, ನಾನು ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿ, ತೋಟದ ನಡುವೆ ಅಡಿಕೆ ಮರದಿಂದ ಮರಕ್ಕೆ ಜೋತುಬಿದ್ದಿರುವ ಇಂಟರ್‌ನೆಟ್ ಕೇಬಲಿನ ಮೇಲೆ ಬಿದ್ದಿದ್ದ ಸೋಗೆಯನ್ನು ದೋಟಿಯಿಂದ ಸರಿಸಿ, ಸಂಜೆ ಏಳಕ್ಕೆ ಜಗಲಿಯ ಟೀವಿಯ ಮುಂದೆ ಎಲ್ಲರನ್ನೂ ಕೂರಿಸಿದೆ. ನೆರೆಮನೆಯವರೂ ಹಪ್ಪಳದ ಆಸೆಗೆ ಬಂದರು.

ಮೊದಲನೆಯ ನೃತ್ಯ ನಿರ್ವಿಘ್ನವಾಗಿ ಮುಗಿಯಿತು. ಮುಗಿದದ್ದು ನಮಗೆ ತಿಳಿದದ್ದು ಅಲ್ಲಿಯವರು ಚಪ್ಪಾಳೆ ತಟ್ಟಿದಾಗ. ಎರಡನೆಯದರಲ್ಲಿ ಬೂದು ಬಣ್ಣದ ಉಡುಪಿನ ಹುಡುಗಿಯೊಬ್ಬಳು ಓಡಿ ಬಂದು, ಒಂದು ಕಾಲನ್ನು ಹಿಂದಕ್ಕೆತ್ತಿ, ಕೈಯನ್ನು ಮೇಲಕ್ಕೆ ಚಾಚಿ ಹಾಗೆಯೇ ನಿಂತಳು. ಸಂಗೀತವೂ ನಿಂತಿತು. "ನಮ್ಮ ಪುಟ್ಟಿಯೇ" ಎಂದು ಅಮ್ಮ ಉದ್ಗರಿಸಿದರು. ಎಲ್ಲರ ಉಡುಪೂ ಒಂದೇ ಆಗಿದ್ದು, ಕ್ಯಾಮೆರಾ ದೂರದಲ್ಲಿದ್ದುದರಿಂದ ಅಲ್ಲವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ನಿಮಿಷ ಕಳೆಯಿತು. ನೆರೆಮನೆಯವರು ನೆಟ್‌ವರ್ಕ್ ಹೋಯಿತೇ ಎಂದು ಕೇಳಿದ್ದೇ ತಪ್ಪಾಯಿತು; ಹಿಂದಿನ ರಾತ್ರಿಯಷ್ಟೇ ಓದಿಕೊಂಡಿದ್ದ ನಾನು ಉಪನ್ಯಾಸ ಆರಂಭಿಸಿದೆ. 1957ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ಟೇಲರ್ ಎಂಬ ನೃತ್ಯಕಾರ ಒಂದು ಯುಗಳ ನೃತ್ಯವನ್ನಾಡಿದನೆಂದೂ, ಅದರಲ್ಲಿ ಅವನು ನಿಂತೇ ಇದ್ದು, ಜೊತೆಗಾರ್ತಿ ಕೂತೇ ಇದ್ದು, ಇಬ್ಬರೂ ಕೊನೆಯವರೆಗೆ ಅಲುಗಾಡಲಿಲ್ಲವೆಂದೂ, ಅದನ್ನು ನೋಡಿದ ಲೂಯಿ ಹಾರ್ಸ್ಟ್ ಎಂಬ ವಿಮರ್ಶಕ ತನ್ನ ಪತ್ರಿಕೆಯಲ್ಲಿ ವಿಮರ್ಶೆಯ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ತನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಿದನೆಂದೂ ತಿಳಿಸಿ, ನಿಶ್ಚಲತೆಯೂ ನೃತ್ಯವೇ, ದಯವಿಟ್ಟು ಯಾರೂ ಹಪ್ಪಳ ಮುರಿಯಬಾರದು ಎಂದು ಕೇಳಿಕೊಂಡೆ. ಎಲ್ಲರೂ ಬಾಯಲ್ಲಿದ್ದ ಹಪ್ಪಳವನ್ನು ಅಗಿಯದೆ ನೆನೆಸಿದರು. ಐದನೆಯ ನಿಮಿಷಕ್ಕೆ ಅಮ್ಮನ ಕಣ್ಣು ಒದ್ದೆಯಾಯಿತು. ಏಳನೆಯ ನಿಮಿಷದಲ್ಲಿ ಹುಡುಗಿಯ ಚಾಚಿದ ಕೈಯ ಪಕ್ಕದಲ್ಲಿಯೇ ಬಿಳಿಯ ಚಕ್ರವೊಂದು ಕಾಣಿಸಿಕೊಂಡು ಗಿರಗಿರನೆ ತಿರುಗತೊಡಗಿತು.

"ಪ್ರಸಂಗ ಇಲ್ಲ ಅಂದೆಯಲ್ಲೋ, ಸುದರ್ಶನ ಬಂತು ನೋಡು" ಎಂದು ದೊಡ್ಡಪ್ಪನವರು ಕೈಮುಗಿದರು.

ಆ ಚಕ್ರ ನಿಜವಾಗಿ ಕಡಿದದ್ದು ನನ್ನ ತಲೆಯನ್ನು. ಚಿತ್ರ ಮತ್ತೆ ಬರುವ ಹೊತ್ತಿಗೆ ಮೂರನೆಯ ನೃತ್ಯದ ಚಪ್ಪಾಳೆ ನಡೆದಿತ್ತು. ಉಪನ್ಯಾಸಕ್ಕೆ ಪ್ರಾಯಶ್ಚಿತ್ತವಾಗಿ, ಇನ್ನೊಮ್ಮೆ ಚಿತ್ರ ನಿಂತರೆ ಕ್ಷಣವೂ ಕಾಯುವುದಿಲ್ಲವೆಂದು ನಾನು ಏಣಿಯನ್ನು ಅಟ್ಟಕ್ಕೆ ಚಾಚಿಟ್ಟು, ಅದರ ಕೆಳಗಿನ ಮೆಟ್ಟಿಲ ಮೇಲೆಯೇ ಕೂತೆ, ಏಕೆಂದರೆ ಇಲಿಗಳ ಸಹವಾಸವಿದ್ದರೂ ಸೋರದ ಜಾಗ ಅದೊಂದೇ ಎಂದು ನಮ್ಮ ರೂಟರ್ ಅಟ್ಟದಲ್ಲಿದೆ. ನಾಲ್ಕನೆಯ ನೃತ್ಯ ಆರಂಭವಾಗಿ ಸ್ವಲ್ಪ ಹೊತ್ತಿಗೆ ಬೂದು ಉಡುಪಿನ ಇನ್ನೊಬ್ಬ ಹುಡುಗಿ ರಂಗದ ಮಧ್ಯಕ್ಕೆ ನಡೆದು ಬಂದು, ಎರಡೂ ಕಾಲೂರಿ, ಕೈ ಇಳಿಬಿಟ್ಟು ನಿಂತಳು. ಸದ್ದಿಲ್ಲ, ಚಲನೆಯಿಲ್ಲ. ನಾನು ಏಣಿ ಹತ್ತಿ, ಕತ್ತಲಲ್ಲಿ ತೊಲೆಗೆ ಹಣೆ ಬಡಿಸಿಕೊಂಡು, ರೂಟರಿನ ಪ್ಲಗ್ಗನ್ನು ಕಿತ್ತೆ. ಕೆಳಗಿನಿಂದ ನೆರೆಮನೆಯವರು, "ಅಯ್ಯೋ, ಈಗ ರೆಪ್ಪೆ ಬಡಿದಳಲ್ಲ, ಎಲ್ಲಿ ಹೋದಳು?" ಎಂದು ಕೂಗುವುದು ಕೇಳಿಸಿತು. ಮತ್ತೆ ಸಿಕ್ಕಿಸಿದಾಗ ಕೆಂಪು ದೀಪ ಹೊತ್ತಿಕೊಂಡದ್ದು ಆ ರಾತ್ರಿ ಹಸಿರಾಗಲಿಲ್ಲ.

ಮರುದಿನ ಬೆಳಿಗ್ಗೆ ಮಗು ಫೋನು ಮಾಡಿತು. "ಮಾವ, ನೋಡಿದ್ರಾ? ನಾಲ್ಕನೆಯದು ನಂದು. ಮಧ್ಯದಲ್ಲಿ ಎರಡು ನಿಮಿಷ ಸುಮ್ಮನೆ ನಿಲ್ತೀನಲ್ಲ, ಅದಕ್ಕೇ ಆರು ತಿಂಗಳು ಅಭ್ಯಾಸ ಮಾಡಿದ್ದು."

ಹಣೆಯ ಬೋರೆಯನ್ನು ಸವರಿಕೊಳ್ಳುತ್ತ ನಾನು ಉತ್ತರ ಹುಡುಕುತ್ತಿರುವಾಗಲೇ ಅಮ್ಮ ಫೋನನ್ನು ಕಸಿದುಕೊಂಡರು.

"ನೋಡದೆ ಏನು ಮಗಾ, ಇಡೀ ಜಗಲಿ ಉಸಿರು ಬಿಡದೆ ನೋಡಿತು. ಎರಡಲ್ಲ, ಏಳು ನಿಮಿಷ, ಅದೂ ಒಂಟಿಕಾಲಲ್ಲಿ! ಊರಿಗೆ ಬಾ, ಕಾಲಿಗೆ ಎಣ್ಣೆ ಕಾಯಿಸಿ ಹಚ್ಚುತ್ತೇನೆ."