ಕಣ್ಣಿನ ಆಪರೇಷನ್ನಿಗೆ ಮುಂಚೆ ಮಾತ್ರೆಗಳ ವಿಷಯ ಹೇಳಿದ್ದೀರಾ?

ಕಳೆದ ವರ್ಷ ಇಷ್ಟೊತ್ತಿಗೆ ನನಗೆ ಬೆಳಗಿನ ಬಿಸಿಲು ಕಂಡರೆ ಆಗುತ್ತಿರಲಿಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿ ಬಾಗಿಲ ಹತ್ತಿರ ನಿಂತರೆ ಕಣ್ಣಿಗೆ ಮರಳು ಎರಚಿದ ಹಾಗೆ. ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಹಣೆ ಬಿಗಿಯುತ್ತಿತ್ತು. ನಂಬರು ಏರಿರಬೇಕು ಅಂದುಕೊಂಡೆ. ತಂಗಿ ಮದುವೆ ಬೇರೆ ಹತ್ತಿರ ಬಂದಿತ್ತು. ಲೇಸರಿನಿಂದ ನಂಬರು ತೆಗೆಯುವ ಲೇಸಿಕ್ ಆಪರೇಷನ್ ಮಾಡಿಸಿ ಕನ್ನಡಕ ಬಿಟ್ಟುಬಿಡೋಣ ಅಂತ ಒಂದು ಸೆಂಟರಿಗೆ ಹೋದೆ.

ಅಲ್ಲಿನ ಹುಡುಗಿ ಇಎಂಐ ಎಷ್ಟು, ಯಾವ ಮೆಷಿನ್, ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು, ಎಲ್ಲಾ ಹೇಳಿದಳು. ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ. ನನಗೂ ಹೇಳಬೇಕು ಅಂತ ತೋಚಲಿಲ್ಲ. ಮೊಡವೆ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ, ಅಲ್ವಾ? ಅಡ್ವಾನ್ಸ್ ಕಟ್ಟಿ ಬಂದೆ.

ಅಮ್ಮನ ಒತ್ತಾಯಕ್ಕೆ ಮಾಟುಂಗಾದ ನಮ್ಮ ಹಳೇ ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಅವರು ನನ್ನ ಒಡೆದ ತುಟಿ ನೋಡಿ, "ಏನಮ್ಮಾ, ಐಸೊಟ್ರೆಟಿನಾಯಿನ್ ತಗೊಳ್ತಿದ್ದೀಯಾ?" ಅಂದರು. ನಾನು ದಂಗಾದೆ. ನನ್ನ ಮೊಡವೆ ಮಾತ್ರೆಯ ಹೆಸರೇ ಅದು.

ರೆಪ್ಪೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ. ಆ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ, ಅದು ಬೇಗ ಆರದ ಹಾಗೆ ಕಾಯುತ್ತದೆ. ಈ ಮಾತ್ರೆ ಮುಖದ ಎಣ್ಣೆ ಕಡಿಮೆ ಮಾಡುವ ಹಾಗೇ ರೆಪ್ಪೆಯ ಎಣ್ಣೆಯನ್ನೂ ಕಡಿಮೆ ಮಾಡುತ್ತದೆ. ಕಣ್ಣು ಒಣಗಿತು ಅಂದರೆ ಬೆಳಕು ಚುಚ್ಚುತ್ತದೆ. ಕೆಲವರಿಗೆ ರಾತ್ರಿ ಹೊತ್ತು ಸರಿಯಾಗಿ ಕಾಣುವುದೂ ಇಲ್ಲ. ಇನ್ನು ಲೇಸಿಕ್‌ನಲ್ಲಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಭಾಗದ, ಮೇಲ್ಪದರ ಕತ್ತರಿಸಿ ಎತ್ತುತ್ತಾರೆ. ಕಣ್ಣು ಒಣಗಿದೆ ಅಂತ ಸುದ್ದಿ ಮುಟ್ಟಿಸುವ ನರಗಳೂ ಆಗ ತುಂಡಾಗುತ್ತವೆ. ಅವು ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಮೊದಲೇ ಒಣಗಿದ ಕಣ್ಣಿಗೆ ಇದು ಗಾಯದ ಮೇಲೆ ಬರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಸಿಕ್ ಬಗ್ಗೆ ಕೊಡುವ ಎಚ್ಚರಿಕೆಯಲ್ಲಿ ಈ ಮಾತ್ರೆಯ ಹೆಸರಿದೆ. ಹೃದಯ ಬಡಿತ ಏರುಪೇರಾದರೆ ಕೊಡುವ ಅಮಿಯೊಡರೋನ್ ಹೆಸರೂ ಇದೆ.

ನನಗೆ ಸಿಟ್ಟು ಬಂದದ್ದು ಇಲ್ಲೇ. ಗೊತ್ತಿರುವ ಅಪಾಯ ಇದು. ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಕಣ್ಣಿಗೆ ಲೇಸರ್ ಇಡುವವರು ಅಡ್ವಾನ್ಸ್ ತಗೊಳ್ಳುವ ಮುಂಚೆ ಇದನ್ನು ಕೇಳಲೇಬೇಕು. ನನ್ನ ಹಾಗೆ ಮೊಡವೆಗೆ ಮಾತ್ರೆ ನುಂಗುತ್ತಾ ಲೇಸಿಕ್ ಕನಸು ಕಾಣುವ ವಯಸ್ಸಿನವರೇ ಅಲ್ಲವಾ ಅಲ್ಲಿ ಜಾಸ್ತಿ ಹೋಗುವುದು?

ಆಪರೇಷನ್ ಬಿಟ್ಟೆ. ಅಡ್ವಾನ್ಸ್ ವಾಪಸ್ ಬರಲಿಲ್ಲ, ಹೋಗಲಿ. ಚರ್ಮದ ಡಾಕ್ಟರನ್ನು ಕೇಳಿ ಮಾತ್ರೆ ನಿಲ್ಲಿಸಿದೆ, ಡ್ರಾಪ್ಸ್ ಹಾಕಿದೆ. ನಿಧಾನಕ್ಕೆ ಬಿಸಿಲು ಸಹಿಸುವಂತಾಯಿತು. ತಂಗಿ ಮದುವೆ ಫೋಟೋದಲ್ಲಿ ಕನ್ನಡಕ ಹಾಕಿಕೊಂಡೇ ನಕ್ಕಿದ್ದೇನೆ.

ಈಗ ಅಪ್ಪನಿಗೆ ಪೊರೆ ಆಪರೇಷನ್ ಇದೆ. ಪ್ರಾಸ್ಟೇಟ್ ತೊಂದರೆಗೆ ಅವರು ಟ್ಯಾಮ್ಸುಲೋಸಿನ್ ತಗೊಳ್ತಾರೆ. ಈ ಮಾತ್ರೆಯಿಂದ ಪಾಪೆ ಸರಿಯಾಗಿ ಅಗಲವಾಗದೆ, ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಆಪರೇಷನ್ ಮಧ್ಯೆ ಅಲುಗಾಡಬಹುದು. ಅಮೆರಿಕದ ಇಬ್ಬರು ಡಾಕ್ಟರುಗಳು 2005ರಲ್ಲೇ ಇದನ್ನು ಬರೆದಿದ್ದಾರೆ. ನಾಲ್ಕು ದಿನ ಮಾತ್ರೆ ಬಿಟ್ಟರೆ ಸರಿಹೋಗುತ್ತೆ ಅನ್ನುವ ಹಾಗೂ ಇಲ್ಲ. ನಾವೇ ಸುಮ್ನೆ ನಿಲ್ಲಿಸಲೂಬಾರದು. ಆದರೆ ಮುಂಚೆಯೇ ಗೊತ್ತಿದ್ದರೆ ಡಾಕ್ಟರ್ ಅದಕ್ಕೆ ತಕ್ಕ ತಯಾರಿ ಮಾಡಿಕೊಳ್ಳುತ್ತಾರೆ.

"ಅದೆಲ್ಲಾ ಕಣ್ಣಿನ ಡಾಕ್ಟರಿಗೆ ಹೇಳೋದಾ, ನಾಚಿಕೆ" ಅಂತಾರೆ ಅಪ್ಪ. ಗುರುವಾರ ಅವರ ಮಾತ್ರೆ ಡಬ್ಬಿಯನ್ನೇ ಬ್ಯಾಗಿಗೆ ಹಾಕಿಕೊಂಡು ಹೋಗುತ್ತೇನೆ.