ಒಂದು ವೈರು ತಾನೆ, ಸಾರ್!

ಇಂದು ಬೆಳಿಗ್ಗೆ ಕಟ್ಟುತ್ತಿರುವ ಮನೆಗೆ ಹೋಗಿ ನೋಡಿದರೆ, ಮುಂಬಾಗಿಲಿನ ಬಲಗಡೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ನಿನ್ನೆಯವರೆಗೂ ಇದ್ದ ಕರೆಗಂಟೆಯ ಪೆಟ್ಟಿಗೆ ಇರಲಿಲ್ಲ. ಅದರ ಬಾಯಿಂದ ಇಳಿಬಿದ್ದಿದ್ದ ನೀಲಿ ಕೇಬಲ್ಲೂ ಇರಲಿಲ್ಲ. ಇದ್ದದ್ದು ಕೈಯಾಡಿಸಬೇಕೆನಿಸುವಷ್ಟು ನುಣುಪಾದ ಗಾರೆ. ಕೇಬಲ್ಲನ್ನು ಸುರುಳಿ ಸುತ್ತಿ ಪೆಟ್ಟಿಗೆಯೊಳಗೆ ತುರುಕಿ ಮೇಲೆ ಸಿಮೆಂಟು ಬಳಿದಿದ್ದ ಮೇಸ್ತ್ರಿ, "ಗೋಡೆ ಹೇಗೆ ಬಂದಿದೆ ಸಾರ್?" ಎಂದು ಹೆಮ್ಮೆಯಿಂದಲೇ ಕೇಳಿದರು. ಗೋಡೆ ಚೆನ್ನಾಗಿಯೇ ಬಂದಿತ್ತು. ನನ್ನ ಮೂರು ವಾರಗಳ ಯೋಜನೆ ಅದರ ಹಿಂದೆ ಎಲ್ಲೋ ಸಮಾಧಿಯಾಗಿತ್ತು.

ಒಂದು ಕರೆಗಂಟೆಗೆ ಮೂರು ವಾರವೇ ಎಂದು ಕೇಳುವವರು ವೈಫೈ ಕರೆಗಂಟೆಯೊಡನೆ ಬಾಳಿದವರಲ್ಲ. ಈಗಿರುವ ಬಾಡಿಗೆ ಮನೆಯಲ್ಲಿ ರೂಟರ್ ಒಳಕೋಣೆಯಲ್ಲಿದೆ, ಗಂಟೆ ಹೊರಗೋಡೆಯ ಮೇಲಿದೆ, ನಡುವೆ ಎರಡು ದಪ್ಪ ಗೋಡೆಗಳಿವೆ. ಪಾರ್ಸೆಲ್ ತಂದ ಹುಡುಗ ಗುಂಡಿ ಒತ್ತಿ, ಕಾದು, ಬೇಸತ್ತು, ಮೆಟ್ಟಿಲಿಳಿಯತೊಡಗಿದ ಮೇಲೆ ನನ್ನ ಫೋನು ಬಾಗಿಲಲ್ಲಿ ಯಾರೋ ಬಂದಿದ್ದಾರೆಂದು ಎಚ್ಚರಿಸುತ್ತದೆ. ಆತುರದಿಂದ ತೆರೆದು ನೋಡಿದರೆ ಕಾಣುವುದು ಅವನ ಬೆನ್ನು. ಈ ಬಡಾವಣೆಗೆ ಬರುವ ಅರ್ಧದಷ್ಟು ಜನರನ್ನು ನಾನು ಬೆನ್ನಿನಿಂದಲೇ ಗುರುತಿಸಬಲ್ಲೆ. ಆಗಾಗ ಗಂಟೆಯನ್ನೇ ಕಳಚಿ ಒಳಗೆ ತಂದು ಚಾರ್ಜಿಗೆ ಹಾಕಬೇಕು, ಮತ್ತು ಬರುವವರೆಲ್ಲ ಸರಿಯಾಗಿ ಆ ಹೊತ್ತಿಗೇ ಬರುತ್ತಾರೆ.

ಆದ್ದರಿಂದ ಹೊಸ ಮನೆಯಲ್ಲಿ ತಂತಿಯ ಗಂಟೆಯೇ ಆಗಬೇಕೆಂದು ಹಟ ಹಿಡಿದೆ. ಕ್ಯಾಟ್ ಸಿಕ್ಸ್ ಎಂಬ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಗಂಟೆಯೊಳಗಿನ ಕ್ಯಾಮೆರಾದ ಚಿತ್ರವೂ ಬರುತ್ತದೆ, ಗಂಟೆಗೆ ಬೇಕಾದ ವಿದ್ಯುತ್ತೂ ಹೋಗುತ್ತದೆ. ಇದಕ್ಕೆ ಪವರ್ ಓವರ್ ಈಥರ್ನೆಟ್ ಎಂದು ಹೆಸರು. 2003ರಲ್ಲಿ ಬಂದ ಮಾನದಂಡದ ಪ್ರಕಾರ ಒಂದು ತುದಿಯಲ್ಲಿ 15.4 ವಾಟ್ ಹೊರಟರೆ, ನೂರು ಮೀಟರ್ ದೂರದ ಸೋರಿಕೆಯನ್ನೆಲ್ಲ ಕಳೆದು ಇನ್ನೊಂದು ತುದಿಗೆ 12.95 ವಾಟ್ ಸಿಕ್ಕೇ ಸಿಗುತ್ತದೆ. ನನ್ನ ಸಂಬಳ ಕೂಡ ಇಷ್ಟು ಪ್ರಾಮಾಣಿಕವಾಗಿ ಕೈಸೇರುವುದಿಲ್ಲ. ನನಗೆ ಬೇಕಿದ್ದದ್ದಾದರೂ ಬರೀ ಹದಿನಾಲ್ಕು ಮೀಟರ್. "ಗಂಟೆಯನ್ನು ಯಾರಾದರೂ ಕಿತ್ತುಹಾಕಿದರೆ ನಮ್ಮ ಮನೆಯ ನೆಟ್‌ವರ್ಕಿನ ತುದಿಯೇ ಬೀದಿಗೆ ಸಿಕ್ಕಹಾಗೆ ಆಗಲಿಲ್ಲವೆ?" ಎಂದು ಹೆಂಡತಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಲು ಒಂದು ಇಡೀ ಭಾನುವಾರ ಹೋಯಿತು. ಗಂಟೆಯನ್ನು ಮನೆಯ ಉಳಿದ ಸಾಧನಗಳಿಂದ ಬೇರೆಯೇ ಒಂದು ಜಾಲದಲ್ಲಿಡುವುದೆಂದು ತೀರ್ಮಾನವಾಯಿತು.

ಇನ್ನು ಎಲೆಕ್ಟ್ರಿಷಿಯನ್. ಒಳ್ಳೆಯ ಮನುಷ್ಯ, ಕೈ ಚುರುಕು, ಆದರೆ ಅವರ ಬಾಯಲ್ಲಿ ಒಂದೇ ಮಂತ್ರ: "ಒಂದು ವೈರು ತಾನೆ, ಸಾರ್!" ನಕ್ಷೆ ತೋರಿಸಿದಾಗ ಅದನ್ನೇ ಹೇಳಿದರು. ಪ್ರತ್ಯೇಕ ಪೈಪು ಬೇಕು, ದೀಪ ಫ್ಯಾನುಗಳ ತಂತಿಯಿರುವ ಪೈಪಿನಲ್ಲಿ ಇದನ್ನು ತೂರಿಸಕೂಡದು, ಅದು ಅಪಾಯ ಎಂದಾಗಲೂ ಅದನ್ನೇ ಹೇಳಿದರು. ನೆಟ್‌ವರ್ಕ್ ಸ್ವಿಚ್, ಅಂದರೆ ಇಂಥ ಕೇಬಲ್ಲುಗಳೆಲ್ಲ ಬಂದು ಸೇರುವ ಸಾಧನ, ಎಲ್ಲಿಡೋಣ ಎಂದು ಕೇಳಿದರೆ, "ಫ್ಯಾನ್ ಸ್ವಿಚ್ ಪಕ್ಕ ಜಾಗ ಇದೆ" ಎಂದರು. ಹೋದ ವಾರ ನಾನು ಊರಲ್ಲಿಲ್ಲದ ದಿನ, ಫೋನ್ ಮಾಡಿ ಕೆಲಸ ಮುಗಿಯಿತೆಂದು ತಿಳಿಸಿದರು. ದನಿಯಲ್ಲಿ ಏನೋ ಉಪಕಾರ ಮಾಡಿದವರ ತೃಪ್ತಿಯಿತ್ತು.

ಮರುದಿನ ನೋಡಿದೆ. ಕೇಬಲ್ಲಿನೊಳಗೆ ಎಂಟು ಎಳೆಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮವನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದೆ. ಪೆಟ್ಟಿಗೆಯಲ್ಲಿ ಕಿತ್ತಳೆ ಜೋಡಿಯೊಂದೇ, ಹೆಣಿಗೆ ಬಿಚ್ಚಿಸಿಕೊಂಡು, ತುದಿಯ ತಾಮ್ರ ತೋರಿಸುತ್ತ ನಿಂತಿತ್ತು. ಉಳಿದ ಆರು ಎಳೆಗಳನ್ನು ಪೈಪಿನ ಬಾಯಿಗೇ ಕತ್ತರಿಸಿಹಾಕಲಾಗಿತ್ತು. "ಬೆಲ್ಲಿಗೆ ಎರಡು ಸಾಕು ಸಾರ್, ಆರು ಎಕ್ಸ್‌ಟ್ರಾ ಬಂದಿತ್ತು" ಎಂದರು. ಅವರ ತರ್ಕದಲ್ಲಿ ತಪ್ಪೇನೂ ಇಲ್ಲ. 1831ರಲ್ಲಿ ಜೋಸೆಫ್ ಹೆನ್ರಿ ಎಂಬ ಅಮೆರಿಕದ ವಿಜ್ಞಾನಿ ಒಂದು ಮೈಲಿ ಉದ್ದದ ತಂತಿಗೆ ವಿದ್ಯುತ್ ಹರಿಸಿ ಗಂಟೆ ಬಾರಿಸಿದಾಗ ಆತನಿಗೂ ಆರು ಹೆಚ್ಚುವರಿ ಎಳೆಗಳ ಅಗತ್ಯ ಬಿದ್ದಿರಲಿಲ್ಲ. ನಾನು ಚಿತ್ರ, ಧ್ವನಿ, ವಿದ್ಯುತ್ತು ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಜೇಬಿನಿಂದ ಕಪ್ಪು ಇನ್ಸುಲೇಷನ್ ಟೇಪು ತೆಗೆದು, "ಆರನ್ನೂ ಜಾಯಿಂಟ್ ಮಾಡಿಬಿಡ್ತೀನಿ, ಅದಕ್ಕೇನು" ಎಂದರು. ಕೇಬಲ್ ಪೂರ್ತಿ ಹೊರಗೆಳೆದು ಹೊಸದನ್ನು ಹಾಕಬೇಕೆಂದಾಗ ಮಾತ್ರ ಅವರ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕನಿಕರ ಕಾಣಿಸಿತು. ಎಳೆಯುತ್ತ ಎಳೆಯುತ್ತ, ತಮಗೆ ತಾವೇ ಎಂಬಂತೆ, ಮತ್ತೆ ಹೇಳಿಕೊಂಡರು: "ಒಂದು ವೈರು ತಾನೆ."

ಕೇಬಲ್ಲಿನ ಇನ್ನೊಂದು ತುದಿ ಇರುವ ಚಿಕ್ಕ ಕೋಣೆಗೆ ನಕ್ಷೆಯಲ್ಲಿ ಇಂದಿಗೂ ‘ಅಪ್ಪನ ಕೋಣೆ’ ಎಂದೇ ಬರೆದಿದೆ. ನಕ್ಷೆ ತಯಾರಾದಾಗ ಅಪ್ಪ ಇದ್ದರು. ಗೇಟಿನ ಚಿಲಕದ ಸದ್ದಿನಿಂದಲೇ ಬಂದವರು ಯಾರೆಂದು ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಹೇಳುತ್ತಿದ್ದರು. ತಪ್ಪಾದರೆ, ಬಂದವರದೇ ತಪ್ಪೆಂಬಂತೆ ಮುಖ ಮಾಡುತ್ತಿದ್ದರು. ಈಗ ಆ ಕೋಣೆಯಲ್ಲಿ ನೆಟ್‌ವರ್ಕ್ ಸ್ವಿಚ್ ಕೂರುತ್ತದೆ. ಹೆಸರು ತಿದ್ದಬೇಕೆಂದು ಪ್ರತಿ ಸಲ ನಕ್ಷೆ ಬಿಡಿಸಿದಾಗ ಅಂದುಕೊಳ್ಳುತ್ತೇನೆ, ಪೆನ್ನು ಸಿಗುವುದಿಲ್ಲ.

ಗಾರೆ ಮುಗಿಯುವವರೆಗೆ ಪೈಪಿನಲ್ಲಿ ಬರೀ ಒಂದು ದಾರ ಬಿಟ್ಟು, ಕೇಬಲ್ಲನ್ನು ಆಮೇಲೆ ಎಳೆದುಕೊಳ್ಳಬೇಕಿತ್ತು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆತುರ. ಪೆಟ್ಟಿಗೆಯ ಬಾಯಿಗೆ ಒಂದು ರಟ್ಟಿನ ಚೂರನ್ನಾದರೂ ಸಿಕ್ಕಿಸಬಹುದಿತ್ತು. ಇದನ್ನೆಲ್ಲ ಯೋಚಿಸುತ್ತ ಇಂದು ಬೆಳಿಗ್ಗೆ ಅಳತೆಯ ಟೇಪು ಹಿಡಿದು ನಾಲ್ಕು ಅಡಿಗೆ ಗುರುತು ಮಾಡಿಕೊಂಡು, ಗೋಡೆಗೆ ಕಿವಿಯಿಟ್ಟು, ಎಲ್ಲಿ ಟೊಳ್ಳು ಸದ್ದು ಬರುತ್ತದೋ ನೋಡೋಣವೆಂದು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತ ಹೋದೆ. ಮೂರನೆಯ ಸಲ ತಟ್ಟುವಷ್ಟರಲ್ಲಿ ಒಳಗಿನಿಂದ ಎಲೆಕ್ಟ್ರಿಷಿಯನ್ನರ ದನಿ ಕೇಳಿಸಿತು:

"ಯಾರದು? ಬಾಗಿಲೇ ಇನ್ನೂ ಇಟ್ಟಿಲ್ಲ, ಒಳಗೆ ಬನ್ನಿ."