ಬೈಲಕುಪ್ಪೆಯಲ್ಲೇ ಇದೆಯಲ್ರೀ!

ಭೂತಾನಿನಿಂದ ಬಂದ ಮೇಲೆ ಮನೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದೇನೆ. ಮೊಣಕಾಲಿಗಾದರೆ ಎಣ್ಣೆ ತಿಕ್ಕಬಹುದು. ಕಿವಿಗೆ ಏನು ತಿಕ್ಕಲಿ? ಗ್ರೂಪ್ ಟೂರಿಗೆ ಹೋದವರಿಗೆಲ್ಲ ಗೊತ್ತು, ಎಲ್ಲವನ್ನೂ ಆಗಲೇ ನೋಡಿ ಮುಗಿಸಿದ ಯಜಮಾನರೊಬ್ಬರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನಿವೃತ್ತರು, ಮಂಕಿ ಕ್ಯಾಪಿನವರು, ಮತ್ತು ಕೊಡಗಿನ ದಾರಿಯಲ್ಲಿರುವ ಟಿಬೆಟನ್ನರ ಊರು ಬೈಲಕುಪ್ಪೆಯನ್ನು ನೋಡಿದವರು.

ಪಾರೋ ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ, ಬಂಡೆಗೆ ಅಂಟಿಕೊಂಡು ಕೂತಿದೆ ತಕ್ಸಾಂಗ್ ಬೌದ್ಧ ಮಠ. ಬಾಡಿಗೆ ಕೋಲು ಊರಿಕೊಂಡು, ಬಾಯಲ್ಲಿ ಉಸಿರಾಡುತ್ತಾ ಏರುತ್ತಿದ್ದೆವು. ಗೈಡ್ ಹುಡುಗ ಭಕ್ತಿಯಿಂದ ಶುರುಮಾಡಿದ: ‘ಎಂಟನೇ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು, ಇಲ್ಲಿಯ ಗವಿಯಲ್ಲಿ...’

‘ಪದ್ಮಸಂಭವ ತಾನೇ? ಅವ್ರು ನಮ್ಮ ಬೈಲಕುಪ್ಪೆಯಲ್ಲೇ ಇದ್ದಾರಲ್ರೀ! ಬುದ್ಧನ ಪಕ್ಕದಲ್ಲಿ, ಚಿನ್ನದ ಬಣ್ಣ, ಇಷ್ಟೆತ್ತರ. ಪಾರ್ಕಿಂಗೂ ಇದೆ.’

ತಪಸ್ಸು ಅಲ್ಲಿಗೇ ನಿಂತಿತು. ಮುಂದಿನ ತಿರುವಿನಲ್ಲಿ ಹುಡುಗ 1692ಕ್ಕೆ ಬಂದ. ಆ ಗವಿಯ ಸುತ್ತ ಗುಡಿ ಕಟ್ಟಿಸಿದ ತೆನ್‌ಜಿನ್ ರಬ್ಗ್ಯೆಯ ಹೆಸರು ಬಾಯಿಗೆ ಬರುವಷ್ಟರಲ್ಲಿ, ಬೈಲಕುಪ್ಪೆಯ ಗುಡಿ ಇನ್ನೂ ಅಗಲ ಎಂದು ತೀರ್ಪಾಯಿತು. ಅರ್ಧ ದಾರಿಯ ಕೆಫೆಟೇರಿಯಾದಲ್ಲಿ ಚಹಾ ಬಂತು. ಬೈಲಕುಪ್ಪೆಯಲ್ಲಿ ಇದೇ ದುಡ್ಡಿಗೆ ಒಂದು ಪ್ಲೇಟ್ ಮೊಮೊ ಬರುತ್ತಂತೆ. ಮಂತ್ರದ ಬಾವುಟಗಳು ಗಾಳಿಗೆ ಪಟಪಟ ಅಂದವು. ‘ಅಲ್ಲೂ ಕಟ್ಟಿದ್ದಾರೆ.’ ಕೊನೆಗೆ ಪಕ್ಕದಲ್ಲೊಂದು ಕಾಗೆ ಹಾರಿತು. ಯಜಮಾನರು ಬಾಯಿ ತೆರೆದರು. ಅವರ ಹೆಂಡತಿ ‘ರೀ, ಸಾಕು’ ಅಂದರು. ಮಹಾತಾಯಿ, ಆಕೆ ಎಷ್ಟು ವರ್ಷದಿಂದ ಕೇಳಿಸಿಕೊಂಡಿದ್ದಾರೋ!

ಎದುರಿಗೇ ಮಠ ಕಂಡಿತು. ಕೈಚಾಚಿದರೆ ಸಿಗುವ ಹಾಗಿದೆ, ಆದರೆ ನಡುವೆ ಕಮರಿ. ನೂರಾರು ಮೆಟ್ಟಿಲು ಇಳಿದು, ಜಲಪಾತದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಏರಿದ್ದನ್ನೆಲ್ಲ ಇಳಿಸಿ ಮತ್ತೆ ಏರಿಸುವ ಈ ಏರ್ಪಾಡು ಯಾರದೋ ಕಾಣೆ. ನಾವು ನೋಡುತ್ತಿದ್ದ ಕಟ್ಟಡ ಅಷ್ಟೇನೂ ಹಳೆಯದಲ್ಲ ಎಂದ ಗೈಡ್. 1998ರ ಏಪ್ರಿಲ್‌ನಲ್ಲಿ ಮುಖ್ಯ ಕಟ್ಟಡ ಸುಟ್ಟುಹೋಯಿತು. ಈ ದಾರಿಯಲ್ಲಿ ಬೆಂಕಿ ಆರಿಸಲು ಯಾರು ಓಡಿ ಬರಬೇಕು? ಹಳೆಯ ರೂಪದಲ್ಲೇ ಮತ್ತೆ ಕಟ್ಟಿ ಮುಗಿಸುವಾಗ 2005.

ಯಜಮಾನರು ಏದುಸಿರಿನಲ್ಲಿದ್ದರು, ಹಾಗಾಗಿ ಆ ಮಾತು ಪೂರ್ತಿ ಕೇಳಿಸಿತು. ಬೈಲಕುಪ್ಪೆ ತಾನಾಗಿಯೇ ನೆನಪಾಯಿತು, ಯಾರೂ ಹೇಳದೆ. ಟಿಬೆಟ್ ಬಿಟ್ಟು ಓಡಿಬಂದ ಲಾಮಾ ಪೆನೋರ್ ರಿಂಪೋಚೆ 1963ರಲ್ಲಿ ಅಲ್ಲಿ ಮಠ ಶುರುಮಾಡಿದಾಗ ಇದ್ದದ್ದು ಬಿದಿರಿನ ಗುಡಿ. ಹುಲಿಯ ಮೇಲೆ ಹಾರಿಬಂದ ಗುರು, ಊರು ಕಳಕೊಂಡವರ ಜೊತೆ ಮಡಿಕೇರಿ ರಸ್ತೆಯ ತನಕ ಬಂದಿದ್ದಾನೆ. ನಾವು ಪ್ರತಿ ಸಲ ಕೊಡಗಿಗೆ ಹೋಗುವಾಗ ಅವನೆದುರು ಸೆಲ್ಫಿ ಹೊಡೆದು, ಊಟಕ್ಕೆ ತಡವಾಯಿತೆಂದು ಓಡಿದ್ದೇವೆ.

ಮಠದೊಳಗೆ ಮೊಬೈಲು ಒಯ್ಯುವಂತಿಲ್ಲ, ಲಾಕರಿನಲ್ಲಿ ಇಡಬೇಕು. ಬೈಲಕುಪ್ಪೆಯ ಫೋಟೋ ತೋರಿಸಲಾಗದೆ ಯಜಮಾನರು ಚಡಪಡಿಸಿದ್ದು ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ನೆಮ್ಮದಿ.

ಇಳಿಯುವಾಗ ಕೆಫೆಟೇರಿಯಾದ ಹತ್ತಿರ ಕುದುರೆ ಕೇಳಿದರು. ಸವಾರಿ ಹತ್ತುವುದಕ್ಕೆ ಮಾತ್ರ, ಇಳಿಜಾರಿಗಿಲ್ಲ ಎಂದ ಗೈಡ್.

‘ಹಾಗಾದ್ರೆ ನಿಮ್ಮ ಗುರುಗಳು? ವಾಪಸ್ ಹೋಗುವಾಗ ಹುಲಿ ಸಿಕ್ತಾ, ಅವ್ರೂ ನಡ್ಕೊಂಡೇ ಇಳಿದ್ರಾ?’

ಹುಡುಗ ತಲೆ ಕೆರೆದುಕೊಂಡ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ನಾನೂ ಅದನ್ನೇ ಯೋಚಿಸುತ್ತಿದ್ದೇನೆ.